ಬಿಸಿಯಾದಾಗ ಮಾತ್ರ ಎಂಜಿನ್ ನಿಲ್ಲುವ 1989ರ ಫೋರ್ಡ್ ಎಫ್-150: ಕಾರಣ ಹುಡುಕಲು ನೆರವು ಬೇಕು

ದ್ರಾಕ್ಷಿತೋಟ (ಫ್ರೆಸ್ನೊ, ಕ್ಯಾಲಿಫೋರ್ನಿಯಾ)

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳ ಹಿಂದೆ ನಮ್ಮ ನೆರೆಯ ತೋಟದ ಹಿರಿಯರೊಬ್ಬರಿಂದ 1989ರ ಫೋರ್ಡ್ ಎಫ್-150 ಪಿಕಪ್ ಕೊಂಡುಕೊಂಡೆ. ಆರು ಸಿಲಿಂಡರ್‌ಗಳು ಒಂದೇ ಸಾಲಿನಲ್ಲಿರುವ 4.9 ಲೀಟರ್ ಎಂಜಿನ್, ಕಾರ್ಬ್ಯುರೇಟರ್ ಬದಲು ಇಂಜೆಕ್ಷನ್ ಇದೆ. ಗೊಬ್ಬರದ ಚೀಲ, ಪೈಪು, ಏಣಿ ಎಲ್ಲವನ್ನೂ ಹೊತ್ತು ಇದುವರೆಗೆ ಒಂದು ದಿನವೂ ಕೈಕೊಡದ ಗಾಡಿ ಇದು.

ಕಳೆದ ಒಂದು ತಿಂಗಳಿಂದ ಹೀಗಾಗುತ್ತಿದೆ. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ಇಪ್ಪತ್ತು, ಇಪ್ಪತ್ತೈದು ನಿಮಿಷ ಓಡಿದ ಮೇಲೆ, ಮುಕ್ಕರಿಸದೆ, ಜರ್ಕ್ ಹೊಡೆಯದೆ, ಕೀಲಿ ತಿರುಗಿಸಿ ಆರಿಸಿದ ಹಾಗೆ ಎಂಜಿನ್ ನಿಂತುಬಿಡುತ್ತದೆ. ಆಮೇಲೆ ಎಷ್ಟು ಸೆಲ್ಫ್ ಹೊಡೆದರೂ ಬರೀ ತಿರುಗುತ್ತದೆಯೇ ಹೊರತು ಹತ್ತಿಕೊಳ್ಳುವುದಿಲ್ಲ. ಬಾನೆಟ್ ಎತ್ತಿಟ್ಟು ಅರ್ಧ ಗಂಟೆ ಕಾದರೆ ಏನೂ ಆಗದಂತೆ ಮತ್ತೆ ಸ್ಟಾರ್ಟ್ ಆಗುತ್ತದೆ. ಮೊನ್ನೆ 41 ಡಿಗ್ರಿ ಬಿಸಿಲಿನಲ್ಲಿ ಹೆದ್ದಾರಿ 99ರ ನಡುವೆ ನಿಂತಾಗ ಪಕ್ಕದ ಸೀಟಿನಲ್ಲಿ ನನ್ನ ಎಂಟು ವರ್ಷದ ಮಗಳಿದ್ದಳು. ಬದಿಗೆ ಸರಿಸಿ ನಿಲ್ಲಿಸುವಷ್ಟರಲ್ಲಿ ಹಿಂದಿನಿಂದ ಬಂದ ಲಾರಿಯೊಂದು ಹಾರ್ನ್ ಹೊಡೆಯುತ್ತಲೇ ಪಕ್ಕಕ್ಕೆ ಹಾದುಹೋಯಿತು. ಅಂದಿನಿಂದ ಗಾಡಿಯನ್ನು ಮನೆಯ ಬೀದಿ ದಾಟಿಸಿಲ್ಲ.

ಈವರೆಗೆ ಕಿಡಿ ಹುಟ್ಟಿಸುವ ಕಾಯಿಲ್, ಆ ಕಿಡಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಮತ್ತು ರೋಟರ್, ಆರು ಪ್ಲಗ್‌ಗಳು ಮತ್ತು ಪ್ಲಗ್ ವೈರ್‌ಗಳನ್ನು ಹೊಸದಾಗಿ ಹಾಕಿಸಿದ್ದೇನೆ. ಫಲ ಸಿಕ್ಕಿಲ್ಲ. ಮುಂದೆ ಯಾವ ಭಾಗ ಬದಲಿಸಬೇಕು ಎಂದು ತಿಳಿದವರು ಹೇಳಬೇಕು.

ಹುಬ್ಬಳ್ಳಿ ಗ್ಯಾರೇಜ್

ಯಾವ ಭಾಗ ಬದಲಿಸಬೇಕು ಎಂಬ ಪ್ರಶ್ನೆಯನ್ನು ದಯವಿಟ್ಟು ಸ್ವಲ್ಪ ಪಕ್ಕಕ್ಕಿಡಿ. ನಿಂತಾಗ ಸ್ಪಾರ್ಕ್ ಇಲ್ಲವೋ, ಪೆಟ್ರೋಲ್ ಇಲ್ಲವೋ ಎಂಬುದನ್ನು ನೀವು ಇನ್ನೂ ಹೇಳಿಲ್ಲ. ಕಾಯಿಲ್‌ನಿಂದ ಬರುವ ದಪ್ಪ ವೈರಿಗೆ ಸ್ಪಾರ್ಕ್ ಟೆಸ್ಟರ್ ಸಿಕ್ಕಿಸಿ, ಅದರ ಕ್ಲಿಪ್ಪನ್ನು ಎಂಜಿನ್ ಬ್ಲಾಕಿಗೆ ಕಚ್ಚಿಸಿ, ಮನೆಯವರಿಂದ ಸೆಲ್ಫ್ ಹೊಡೆಸಿ. ವೈರನ್ನು ಕೈಯಲ್ಲಿ ಹಿಡಿದು ಬಾಡಿಗೆ ತಾಗಿಸಿ ನೋಡುವ ಹಳೆಯ ಅಭ್ಯಾಸ ಈ ಗಾಡಿಯಲ್ಲಿ ಬೇಡ. ಎಲೆಕ್ಟ್ರಾನಿಕ್ ಇಗ್ನಿಷನ್ನಿನ ಹೊಡೆತ ಬಲವಾಗಿರುತ್ತದೆ, ಕಿಡಿಯನ್ನು ನಿಯಂತ್ರಿಸುವ ಮಾಡ್ಯೂಲ್ ಕೂಡ ಸುಟ್ಟೀತು. ಕೀಲಿ ಆನ್ ಮಾಡಿದ ಕ್ಷಣದಲ್ಲಿ ಪೆಟ್ರೋಲ್ ಪಂಪ್ ಒಂದು ಸೆಕೆಂಡ್ ಗುಂಯ್‌ಗುಟ್ಟುತ್ತದೆಯೇ ಎಂಬುದನ್ನೂ ಕಿವಿಗೊಟ್ಟು ಕೇಳಿ. ಆ ಸದ್ದು ಬಂದರೆ ಕಂಪ್ಯೂಟರಿಗೆ ಕರೆಂಟ್ ಕೊಡುವ ರಿಲೇ ಸರಿಯಿದೆ ಎಂದು ಧೈರ್ಯವಾಗಿ ಹೇಳಬಹುದು.

ದ್ರಾಕ್ಷಿತೋಟ

ಇಂದು ಬೆಳಿಗ್ಗೆ ನೀವು ಹೇಳಿದ್ದನ್ನೆಲ್ಲ ಮಾಡಿದೆ. ಸ್ಪಾರ್ಕ್ ಟೆಸ್ಟರಿನಲ್ಲಿ ಗಟ್ಟಿಯಾದ ನೀಲಿ ಕಿಡಿ ಬಂತು. ಪಂಪಿನ ಸದ್ದೂ ಬಂತು. ಕಾಯಿಲ್‌ನ ಪ್ರೈಮರಿ 0.6 ಓಮ್, ಸೆಕೆಂಡರಿ 8,400 ಓಮ್ ತೋರಿಸಿತು. ಕೈಪಿಡಿಯ ಪ್ರಕಾರ ಪ್ರೈಮರಿ 0.3ರಿಂದ 1 ಓಮ್, ಸೆಕೆಂಡರಿ 6,500ರಿಂದ 11,500 ಓಮ್ ನಡುವೆ ಇರಬೇಕು. ಎಲ್ಲವೂ ಸರಿಯಿದೆ, ಆದರೂ ಮಧ್ಯಾಹ್ನ ಗಾಡಿ ಮತ್ತೆ ನಿಂತಿತು. ನನಗೆ ದಿಕ್ಕೇ ತೋಚುತ್ತಿಲ್ಲ.

ಘಾಟಿಯ ಜೀಪು (ಸಕಲೇಶಪುರ)

ತಮ್ಮಾ, ನಿನ್ನ ಗಾಡಿಯ ಕಂಪ್ಯೂಟರ್, ಮಾಡ್ಯೂಲ್ ನನಗೆ ಗೊತ್ತಿಲ್ಲ. ಆದರೆ ನಲವತ್ತು ವರ್ಷ ಕಾಫಿ ತೋಟದಲ್ಲಿ ವಿಲ್ಲಿಸ್ ಪೆಟ್ರೋಲ್ ಜೀಪು ಓಡಿಸಿದವನು ನಾನು, ನೀನು ಹೇಳುತ್ತಿರುವ ರೋಗವನ್ನು ಕಣ್ಣಾರೆ ಕಂಡಿದ್ದೇನೆ. ಶಿರಾಡಿ ಘಾಟಿ ಹತ್ತುವಾಗ ಮೂರನೆಯ ತಿರುವಿನಲ್ಲೋ ನಾಲ್ಕನೆಯ ತಿರುವಿನಲ್ಲೋ ಜೀಪು ತಣ್ಣಗೆ ನಿಂತುಬಿಡುತ್ತಿತ್ತು; ಒಂದು ಬೀಡಿ ಸೇದಿ ಮುಗಿಸಿ, ಕೆಳಗಿನ ಝರಿಯಿಂದ ನೀರು ತಂದು ರೇಡಿಯೇಟರಿಗೆ ಹಾಕುವಷ್ಟರಲ್ಲಿ ಮತ್ತೆ ಸ್ಟಾರ್ಟ್ ಆಗುತ್ತಿತ್ತು. ರೇಡಿಯೇಟರಿನ ನೀರೇ ಮದ್ದು ಎಂದು ನಾವೆಲ್ಲ ಎರಡು ತಿಂಗಳು ನಂಬಿದ್ದೆವು. ಕೊನೆಗೆ ಹಾಸನದ ಮೇಸ್ತ್ರಿಯೊಬ್ಬರು ನಿಂತ ಜಾಗಕ್ಕೇ ಬಂದು, ಬಿಸಿ ಆರುವ ಮೊದಲೇ ಡಿಸ್ಟ್ರಿಬ್ಯೂಟರ್ ತೆರೆದು ಕಂಡೆನ್ಸರ್ ಬದಲಿಸಿದರು. ಅದು ತಣ್ಣಗಿದ್ದಾಗ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು, ಕಾದಾಗ ಒಳಗೇ ಶಾರ್ಟ್ ಆಗುತ್ತಿತ್ತು.

ನೀನು ಬೆಳಿಗ್ಗೆ ಪರೀಕ್ಷೆ ಮಾಡಿದೆ ಎಂದೆ. ಬೆಳಿಗ್ಗೆ ನಿನ್ನ ಗಾಡಿಗೆ ಕಾಯಿಲೆಯೇ ಇರಲಿಲ್ಲ. ಜ್ವರ ಇಳಿದ ಮೇಲೆ ಥರ್ಮಾಮೀಟರ್ ಇಟ್ಟರೆ ಏನು ಗೊತ್ತಾಗುತ್ತದೆ? ನಿಂತ ಮೇಲಿನ ಅರ್ಧ ಗಂಟೆಯೇ ನಿನಗೆ ಸಿಗುವ ಸಮಯ.

ಓಮ್ ಮೀಟರ್ (ಡೆಟ್ರಾಯಿಟ್)

ಹಿರಿಯರ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ, ಈ ಚರ್ಚೆಯಲ್ಲಿ ಈವರೆಗೆ ಬಂದ ಅತ್ಯಂತ ಉಪಯುಕ್ತ ಮಾತು ಅದೇ. ಹಳೆಯ ಗಾಡಿಗಳಲ್ಲಿ ಕಾಯಿಲಿನ ಕರೆಂಟ್ ಕಡಿಯುತ್ತಿದ್ದ ಪಾಯಿಂಟ್ ಮತ್ತು ಕಂಡೆನ್ಸರಿನ ಕೆಲಸವನ್ನು ನಿಮ್ಮ ಗಾಡಿಯಲ್ಲಿ ಬೇರೆ ಎರಡು ಭಾಗಗಳು ಮಾಡುತ್ತವೆ. ಅವು ಹೇಗೆ ಕೆಲಸ ಮಾಡುತ್ತವೆಂದು ಮೊದಲು ತಿಳಿದರೆ ಪರೀಕ್ಷೆಯ ಕ್ರಮ ತಾನಾಗಿಯೇ ಹೊಳೆಯುತ್ತದೆ.

ಡಿಸ್ಟ್ರಿಬ್ಯೂಟರಿನ ಹೊಟ್ಟೆಯೊಳಗೆ ಕಾಂತಕ್ಷೇತ್ರವನ್ನು ಗ್ರಹಿಸುವ ಒಂದು ಹಾಲ್ ಸೆನ್ಸರ್ ಇದೆ. ಶಾಫ್ಟಿನ ಜೊತೆ ತಿರುಗುವ ಲೋಹದ ಬಟ್ಟಲಿನ ಅಂಚಿನಲ್ಲಿ ಕಿಟಕಿಗಳಂತಹ ಸೀಳುಗಳಿದ್ದು, ಅವು ಸೆನ್ಸರಿನ ಎದುರು ಹಾದುಹೋಗುವಾಗ ಸಿಗ್ನಲ್ ಒಮ್ಮೆ ಮೇಲೇರಿ ಒಮ್ಮೆ ಕೆಳಗಿಳಿಯುತ್ತದೆ. ಇದನ್ನು ಫೋರ್ಡ್ ಕೈಪಿಡಿಗಳು ಪಿಐಪಿ ಸಿಗ್ನಲ್ ಎಂದು ಕರೆಯುತ್ತವೆ. ಡಿಸ್ಟ್ರಿಬ್ಯೂಟರಿನ ಹೊರಮೈಗೆ ಎರಡು ಸ್ಕ್ರೂಗಳಿಂದ ಬಿಗಿದಿರುವ ಬೂದು ಬಣ್ಣದ ಪೆಟ್ಟಿಗೆ ಟಿಎಫ್ಐ ಮಾಡ್ಯೂಲ್. ಸೆನ್ಸರಿನ ಸಿಗ್ನಲ್ ಈ ಮಾಡ್ಯೂಲಿನ ಮೂಲಕವೇ ಕಂಪ್ಯೂಟರಿಗೆ ಹೋಗುತ್ತದೆ. ಕಂಪ್ಯೂಟರ್ ಲೆಕ್ಕ ಹಾಕಿ, ಯಾವ ಕ್ಷಣದಲ್ಲಿ ಕಿಡಿ ಹಾರಬೇಕು ಎಂಬುದನ್ನು ಸ್ಪೌಟ್ ಎಂಬ ಇನ್ನೊಂದು ವೈರಿನಲ್ಲಿ ಮಾಡ್ಯೂಲಿಗೆ ಮರಳಿ ತಿಳಿಸುತ್ತದೆ. ಮಾಡ್ಯೂಲ್ ಕಾಯಿಲಿನ ನೆಗೆಟಿವ್ ತುದಿಯನ್ನು ಅರ್ತ್‌ಗೆ ಸೇರಿಸಿ ಬಿಡಿಸುತ್ತದೆ, ಬಿಟ್ಟ ಕ್ಷಣದಲ್ಲಿ ಕಾಯಿಲ್ ಕಿಡಿ ಕೊಡುತ್ತದೆ. ಇಲ್ಲಿ ನಿಮಗೆ ನೆರವಾಗುವ ಒಂದು ಸಂಗತಿಯಿದೆ. ಕಂಪ್ಯೂಟರ್ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳನ್ನು ತೆರೆಯುವುದೂ ಇದೇ ಪಿಐಪಿ ಸಿಗ್ನಲ್ ನೋಡಿಯೇ. ಹಾಗಾಗಿ ನಿಂತ ಹೊತ್ತಿನಲ್ಲಿ ಸ್ಪಾರ್ಕ್ ಮಾತ್ರ ಹೋಗಿ ಇಂಜೆಕ್ಟರುಗಳು ಕೆಲಸ ಮಾಡುತ್ತಿದ್ದರೆ ಪಿಐಪಿ ಬದುಕಿದೆ, ಮಾಡ್ಯೂಲಿನ ಕಾಯಿಲ್ ಕಡೆಯ ಭಾಗವನ್ನೋ ಕಾಯಿಲನ್ನೋ ಸಂಶಯಿಸಬೇಕು. ಎರಡೂ ಒಟ್ಟಿಗೆ ಹೋಗಿದ್ದರೆ ತಪ್ಪು ಇನ್ನೂ ಹಿಂದೆ, ಸಿಗ್ನಲ್ ಹುಟ್ಟುವ ಕಡೆ ಇದೆ.

ಗಾಡಿಯನ್ನು ಮನೆಯ ಮುಂದೆಯೇ ನಿಲ್ಲಿಸಿ, ತಾನಾಗಿ ನಿಲ್ಲುವವರೆಗೆ ಚಾಲೂ ಇಡಿ. ಟೆಸ್ಟರುಗಳನ್ನೆಲ್ಲ ಮೊದಲೇ ಕೈಗೆಟಕುವಂತೆ ಇಟ್ಟುಕೊಳ್ಳಿ. ನಿಂತ ತಕ್ಷಣ ಸ್ಪಾರ್ಕ್ ಟೆಸ್ಟರ್ ನೋಡಿ. ಕೀಲಿ ಆನ್ ಇರುವಾಗ ಕಾಯಿಲಿನ ಪಾಸಿಟಿವ್ ತುದಿಯಲ್ಲಿ ಬ್ಯಾಟರಿಯಷ್ಟೇ ವೋಲ್ಟೇಜ್ ಇದೆಯೇ ನೋಡಿ. ಬಳಿಕ ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬ್ಯಾಟರಿ ಪಾಸಿಟಿವ್‌ಗೆ ಹಾಕಿ, ಮುಳ್ಳನ್ನು ಕಾಯಿಲಿನ ನೆಗೆಟಿವ್‌ಗೆ ಮುಟ್ಟಿಸಿ ಸೆಲ್ಫ್ ಹೊಡೆಸಿ: ಮಾಡ್ಯೂಲ್ ಕೆಲಸ ಮಾಡುತ್ತಿದ್ದರೆ ದೀಪ ಮಿನುಗಬೇಕು. ಇದಕ್ಕೆ ಬಲ್ಬ್ ಇರುವ ಲ್ಯಾಂಪೇ ಬೇಕು, ಡಿಜಿಟಲ್ ಮೀಟರ್ ಆ ವೇಗವನ್ನು ಹಿಡಿಯುವುದಿಲ್ಲ. ಒಂದು ಇಂಜೆಕ್ಟರಿನ ಕನೆಕ್ಟರ್ ಬಿಚ್ಚಿ ನಾಯ್ಡ್ ಲೈಟ್ (ಇಂಜೆಕ್ಟರಿಗೆ ಸಿಗ್ನಲ್ ಬಂದರೆ ಮಿನುಗುವ ಪುಟ್ಟ ದೀಪ) ಸಿಕ್ಕಿಸಿಡಿ. ಕೊನೆಗೆ, ಡಿಸ್ಟ್ರಿಬ್ಯೂಟರಿನ ಹತ್ತಿರದ ವೈರಿನಲ್ಲಿರುವ ಪುಟ್ಟ ಸ್ಪೌಟ್ ಕನೆಕ್ಟರನ್ನು ಕಿತ್ತು ಮತ್ತೆ ಸೆಲ್ಫ್ ಹೊಡೆಸಿ. ಅದನ್ನು ಕಿತ್ತರೂ ಮಾಡ್ಯೂಲ್ ಪಿಐಪಿಯನ್ನೇ ನೋಡಿ ಕಿಡಿ ಕೊಡಬಲ್ಲದು. ಕಿತ್ತಾಗ ಸ್ಪಾರ್ಕ್ ಮರಳಿ ಬಂದರೆ ದೋಷ ಆ ವೈರಿನಲ್ಲೋ ಕಂಪ್ಯೂಟರಿನಲ್ಲೋ ಇದೆ.

ದಕ್ಷಿಣದ ದಾರಿ (ಡಲ್ಲಾಸ್)

ಇಷ್ಟೆಲ್ಲ ಏಕೆ? ಈ ಗಾಡಿಗಳಲ್ಲಿ ಪ್ಯಾಸೆಂಜರ್ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ ಇನರ್ಷಿಯಾ ಸ್ವಿಚ್ ಇರುತ್ತದೆ. ಗಾಡಿ ಜೋರಾಗಿ ಕುಲುಕಿದರೆ ಅದು ಕಿತ್ತುಕೊಳ್ಳುತ್ತದೆ. ಒಮ್ಮೆ ಒತ್ತಿ ನೋಡಲಿ.

ಹುಬ್ಬಳ್ಳಿ ಗ್ಯಾರೇಜ್

ಆ ಸ್ವಿಚ್ ಕಡಿದುಹಾಕುವುದು ಪೆಟ್ರೋಲ್ ಪಂಪಿನ ಕರೆಂಟನ್ನು ಮಾತ್ರ, ಸ್ಪಾರ್ಕಿಗೆ ಅದು ಅಡ್ಡಬರುವುದಿಲ್ಲ. ಮೇಲಾಗಿ ಅದು ಒಮ್ಮೆ ಬಿಟ್ಟರೆ ಕೈಯಿಂದ ಒತ್ತುವವರೆಗೆ ಹಾಗೇ ಇರುತ್ತದೆ, ಅರ್ಧ ಗಂಟೆ ಕಾದರೆ ತಾನಾಗಿ ಸರಿಯಾಗುವುದಿಲ್ಲ. ಈ ಎಂಜಿನ್ನಿನ ಕ್ಯಾಮ್ ಗೇರ್ ಫೈಬರಿನದು, ಅದರ ಹಲ್ಲು ಸವೆದು ರೋಟರ್ ತಿರುಗದೆ ಸ್ಪಾರ್ಕ್ ಹೋಗುವುದುಂಟು ಎಂದು ಕೆಲವರು ಹೇಳಬಹುದು. ಅದೂ ಇಲ್ಲಿ ಹೊಂದುವುದಿಲ್ಲ, ಮುರಿದ ಹಲ್ಲು ತಣ್ಣಗಾದಾಗ ಕೂಡಿಕೊಳ್ಳುವುದಿಲ್ಲ.

ದ್ರಾಕ್ಷಿತೋಟ

ಇಂದು ಸಂಜೆ ನಾಲ್ಕು ಗಂಟೆಗೆ, ಬಿಸಿಲು ಇನ್ನೂ ಇಳಿಯುವ ಮೊದಲೇ, ಮನೆಯ ಮುಂದೆ ಎಂಜಿನ್ ಚಾಲೂ ಇಟ್ಟು ಕಾದು ಕುಳಿತೆ. 27 ನಿಮಿಷಕ್ಕೆ ನಿಂತಿತು. ನನ್ನ ಹೆಂಡತಿ ಸೆಲ್ಫ್ ಹೊಡೆದರು, ಮಗಳು ಓಡಿಬಂದು ಪುಸ್ತಕದಲ್ಲಿ ಒಂದೊಂದನ್ನೇ ಬರೆದುಕೊಂಡಳು.

ಸ್ಪಾರ್ಕ್ ಇಲ್ಲ. ಕಾಯಿಲ್ ಪಾಸಿಟಿವ್‌ನಲ್ಲಿ 12.3 ವೋಲ್ಟ್. ನೆಗೆಟಿವ್‌ನಲ್ಲಿ ದೀಪ ಮಿನುಗಲಿಲ್ಲ. ನಾಯ್ಡ್ ಲೈಟ್ ಕೂಡ ಮಿನುಗಲಿಲ್ಲ. ಸ್ಪೌಟ್ ಕಿತ್ತರೂ ಬದಲಾವಣೆ ಇಲ್ಲ. 35 ನಿಮಿಷದ ಬಳಿಕ ಮತ್ತೆ ಸೆಲ್ಫ್ ಹೊಡೆದಾಗ ದೀಪಗಳೆರಡೂ ಮಿನುಗಿದವು, ಎಂಜಿನ್ ಹತ್ತಿಕೊಂಡಿತು. ಹೊಸ ಕಾಯಿಲಿಗೆ ಕೊಟ್ಟ ಹಣ ವ್ಯರ್ಥವಾಯಿತು ಎಂಬುದು ಈಗ ಸ್ಪಷ್ಟವಾಗಿದೆ.

ಓಮ್ ಮೀಟರ್

ಬಹಳ ಅಚ್ಚುಕಟ್ಟಾದ ಕೆಲಸ. ಮಗಳ ಪುಸ್ತಕವನ್ನು ಜೋಪಾನವಾಗಿಡಿ. ಸ್ಪಾರ್ಕ್ ಮತ್ತು ಇಂಜೆಕ್ಟರ್ ಒಟ್ಟಿಗೆ ಹೋಗಿವೆ, ಪಾಸಿಟಿವ್ ಕರೆಂಟ್ ಇದೆ, ಸ್ಪೌಟ್ ಕಾರಣವಲ್ಲ. ಅಂದರೆ ಪಿಐಪಿ ಸಿಗ್ನಲ್ ಸತ್ತಿದೆ. ಆದರೆ ಅದು ಸೆನ್ಸರಿನಲ್ಲೇ ಸತ್ತಿತೋ, ಮಾಡ್ಯೂಲಿನೊಳಗೆ ಹಾದುಹೋಗುವಾಗ ಸತ್ತಿತೋ ಎಂದು ಇದರಿಂದ ಹೇಳಲಾಗದು. ಸೆನ್ಸರಿಗೆ ಕರೆಂಟ್ ಹೋಗುವುದೂ ಮಾಡ್ಯೂಲಿನ ಮೂಲಕವೇ.

ಮೊದಲು ಮಾಡ್ಯೂಲ್ ಬಿಚ್ಚಿ ನೋಡಿ. ಅದಕ್ಕೆ 7/32 ಅಂಗುಲದ, ತೆಳುವಾದ ಗೋಡೆಯ ಉದ್ದ ಸಾಕೆಟ್ ಬೇಕು, ಸಾಮಾನ್ಯ ಸಾಕೆಟ್ ಆ ಕುಳಿಗೆ ಇಳಿಯುವುದಿಲ್ಲ. ಸ್ಕ್ರೂ ತೆಗೆದ ಮೇಲೆ ನೇರವಾಗಿ ಹೊರಕ್ಕೆಳೆಯಬೇಡಿ, ಕೆಳಮುಖವಾಗಿ ಜಾರಿಸಿ. ಒಳಗಿನ ಮೂರು ಪಿನ್ನುಗಳು ಮುರಿದಾವು. ಮಾಡ್ಯೂಲಿನ ಬೆನ್ನಿಗೆ ಬಳಿದ ಸಿಲಿಕೋನ್ ಗ್ರೀಸ್ ಉಳಿದಿದೆಯೇ, ಒಣಗಿ ಪುಡಿಯಾಗಿದೆಯೇ ನೋಡಿ. ಆ ಗ್ರೀಸ್ ಮಾಡ್ಯೂಲಿನ ಬಿಸಿಯನ್ನು ಡಿಸ್ಟ್ರಿಬ್ಯೂಟರಿನ ಲೋಹಕ್ಕೆ ದಾಟಿಸುತ್ತದೆ, ಅದಿಲ್ಲದೆ ಓಡಿಸಿದ ಮಾಡ್ಯೂಲ್ ಬಾಳಿಕೆ ಬರುವುದಿಲ್ಲ.

ದ್ರಾಕ್ಷಿತೋಟ

ಗ್ರೀಸ್ ಒಣಗಿ ಬಿಳಿ ಹೊಪ್ಪಳೆಯಾಗಿತ್ತು, ಉಗುರಿನಿಂದ ಕೆರೆದರೆ ಉದುರುತ್ತಿತ್ತು. ಬಿಡಿಭಾಗಗಳ ಅಂಗಡಿಗೆ ಮಾಡ್ಯೂಲ್ ಒಯ್ದು ಅವರ ಯಂತ್ರದಲ್ಲಿ ಬಿಡುವಿಲ್ಲದೆ ಏಳು ಸಲ ಪರೀಕ್ಷೆ ಮಾಡಿಸಿದೆ, ಏಳು ಸಲವೂ ಪಾಸಾಯಿತು. ಆದರೂ ಅನುಮಾನ ಉಳಿಯಬಾರದೆಂದು ಹೊಸ ಮಾಡ್ಯೂಲ್ ಒಂದನ್ನು ತಂದು, ಹೊಸ ಗ್ರೀಸ್ ತೆಳುವಾಗಿ ಬಳಿದು ಹಾಕಿದೆ. 24 ನಿಮಿಷಕ್ಕೆ ನಿಂತಿತು.

ಓಮ್ ಮೀಟರ್

ಹಾಗಾದರೆ ಸೆನ್ಸರನ್ನು ನೇರವಾಗಿ ಮಾತನಾಡಿಸೋಣ. ಎಂಜಿನ್ ತಣ್ಣಗಿರುವಾಗ ಆರೂ ಪ್ಲಗ್ ತೆಗೆದಿಡಿ, ಕೈಯಿಂದ ತಿರುಗಿಸಲು ಹಗುರವಾಗುತ್ತದೆ. ಕಾಯಿಲಿನ ಕನೆಕ್ಟರನ್ನು ತಪ್ಪದೆ ಬಿಚ್ಚಿಡಿ. ವೈರಿಂಗ್ ನಕ್ಷೆ ನೋಡಿ ಮಾಡ್ಯೂಲ್ ಕನೆಕ್ಟರಿನಲ್ಲಿ ಪಿಐಪಿ ವೈರನ್ನು ಗುರುತಿಸಿ, ಅದರ ಹಿಂಬದಿಯಿಂದ ಗುಂಡುಸೂಜಿ ತೂರಿಸಿ ಮೀಟರಿನ ಕೆಂಪು ವೈರ್ ಹಿಡಿಯಿರಿ, ಕಪ್ಪು ವೈರ್ ಬ್ಯಾಟರಿ ನೆಗೆಟಿವ್‌ಗೆ. ಕೀಲಿ ಆನ್ ಮಾಡಿ, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ ನಿಧಾನವಾಗಿ ತಿರುಗಿಸಿ. ಕ್ರ್ಯಾಂಕಿನ ಒಂದು ಪೂರ್ಣ ಸುತ್ತಿಗೆ ವೋಲ್ಟೇಜ್ ಮೂರು ಸಲ ಏರಿ ಮೂರು ಸಲ ಇಳಿಯಬೇಕು. ನಂತರ ಹೇರ್ ಡ್ರೈಯರಿನಿಂದ ಡಿಸ್ಟ್ರಿಬ್ಯೂಟರನ್ನು ಕಾಯಿಸಿ ಅದನ್ನೇ ಮತ್ತೆ ಮಾಡಿ.

ದ್ರಾಕ್ಷಿತೋಟ

ಭಾನುವಾರ ಬೆಳಿಗ್ಗೆ ಆರು ಗಂಟೆಗೆ, ಕಾರ್‌ಪೋರ್ಟಿನ ನೆರಳಿನಲ್ಲಿ ಇದನ್ನು ಮಾಡಿದೆ. ಕ್ಯಾಪ್ ತೆಗೆದು ರೋಟರ್ ಕಾಣುವಂತೆ ಇಟ್ಟುಕೊಂಡಿದ್ದೆ. ತಣ್ಣಗಿದ್ದಾಗ ರಾಟ್ಚೆಟ್ಟನ್ನು ಒಂದಿಷ್ಟು ಎಳೆದೊಡನೆ ಮೀಟರ್ 0.4ರಿಂದ 11.7ಕ್ಕೆ ಹಾರಿತು, ಇನ್ನಷ್ಟು ಎಳೆದಾಗ ಮತ್ತೆ 0.4. ಒಂದು ಸುತ್ತಿಗೆ ಸರಿಯಾಗಿ ಮೂರು ಸಲ. ಎಂಜಿನ್ ಆರಿರುವಾಗಲೂ ಅದರ ನಾಡಿ ಹೀಗೆ ಬೆರಳ ತುದಿಗೆ ಸಿಗುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಡ್ರೈಯರ್ ಹಿಡಿದು ಹತ್ತು ನಿಮಿಷ ಕಾಯಿಸಿದೆ, ಏನೂ ಬದಲಾಗಲಿಲ್ಲ. ಇನ್ನೂ ಐದು ನಿಮಿಷ ಕಾಯಿಸಿ, ಡಿಸ್ಟ್ರಿಬ್ಯೂಟರಿನ ಮೈ ಮುಟ್ಟಲಾಗದಷ್ಟು ಸುಡುವಾಗ ಮತ್ತೆ ತಿರುಗಿಸಿದೆ. ರೋಟರ್ ಕಣ್ಣೆದುರೇ ತಿರುಗುತ್ತಿತ್ತು, ಮೀಟರ್ ಮಾತ್ರ 11.7ರಲ್ಲಿ ಅಲುಗಾಡದೆ ನಿಂತಿತ್ತು. ಎರಡು ಸುತ್ತು, ಮೂರು ಸುತ್ತು, ಹಾಗೆಯೇ. ಆರಲು ಬಿಟ್ಟು ಇಪ್ಪತ್ತು ನಿಮಿಷದ ಬಳಿಕ ನೋಡಿದರೆ ಮತ್ತೆ ಏರಿಳಿತ ಶುರುವಾಗಿತ್ತು.

ಹುಬ್ಬಳ್ಳಿ ಗ್ಯಾರೇಜ್

ಒಂದು ಮಾತು. ಮಾಡ್ಯೂಲ್ ಅದೇ ಮೈಗೆ ಅಂಟಿಕೊಂಡಿದೆಯಲ್ಲ, ನಿಮ್ಮ ಡ್ರೈಯರ್ ಅದನ್ನೂ ಕಾಯಿಸಿದೆ. ಸೆನ್ಸರೇ ಕೆಟ್ಟಿದೆ ಎಂದು ಹೇಗೆ ಹೇಳುತ್ತೀರಿ?

ದ್ರಾಕ್ಷಿತೋಟ

ಸರಿಯಾದ ಪ್ರಶ್ನೆ, ನನಗೂ ಅದೇ ಅಳುಕಿತ್ತು. ಮೊದಲು ಹೊಸ ಮಾಡ್ಯೂಲಿನೊಂದಿಗೆ ಮಾಡಿದ್ದೆ. ಬಳಿಕ ಡಿಸ್ಟ್ರಿಬ್ಯೂಟರ್ ಸುಡುತ್ತಿರುವಾಗಲೇ ಅದನ್ನು ಬಿಚ್ಚಿ, ಮನೆಯೊಳಗಿನ ತಂಪಿನಲ್ಲಿಟ್ಟಿದ್ದ ಹಳೆಯ ಮಾಡ್ಯೂಲನ್ನು ಹಾಕಿ ತಕ್ಷಣ ತಿರುಗಿಸಿದೆ. ಮಾಡ್ಯೂಲ್ ತಣ್ಣಗಿತ್ತು, ಸೆನ್ಸರ್ ಬಿಸಿಯಾಗಿತ್ತು. ಆಗಲೂ ಸಿಗ್ನಲ್ ಇರಲಿಲ್ಲ.

ಹುಬ್ಬಳ್ಳಿ ಗ್ಯಾರೇಜ್

ಇನ್ನು ಅನುಮಾನವಿಲ್ಲ. ಮೂವತ್ತೈದು ವರ್ಷ ಎಂಜಿನ್ನಿನ ಪಕ್ಕದಲ್ಲಿ ಬೆಂದ ಸೆನ್ಸರ್, ಅದರ ಆಯಸ್ಸು ಮುಗಿದಿದೆ. ಸೆನ್ಸರನ್ನಷ್ಟೇ ಬದಲಿಸಲು ಡಿಸ್ಟ್ರಿಬ್ಯೂಟರ್ ಹೊರತೆಗೆದು, ಗೇರಿನ ಪಿನ್ ಬಡಿದು, ಪ್ರೆಸ್ಸಿನಲ್ಲಿ ಗೇರ್ ಬಿಡಿಸಿ ಶಾಫ್ಟ್ ಎಳೆಯಬೇಕು. ಮನೆಯಲ್ಲಿ ಇದನ್ನು ಮಾಡಿ ಗೇರ್ ಸೀಳಿಕೊಂಡವರನ್ನು ನೋಡಿದ್ದೇನೆ. ಸೆನ್ಸರ್ ಸಮೇತ ಮರುನಿರ್ಮಿಸಿದ ಡಿಸ್ಟ್ರಿಬ್ಯೂಟರನ್ನೇ ತನ್ನಿ.

ಹಳೆಯದನ್ನು ತೆಗೆಯುವ ಮೊದಲು ಒಂದನೆಯ ಸಿಲಿಂಡರನ್ನು ಕಂಪ್ರೆಷನ್ನಿನ ಮೇಲ್ತುದಿಗೆ ತನ್ನಿ: ಪ್ಲಗ್ ತೂತಿಗೆ ಹೆಬ್ಬೆರಳಿಟ್ಟು ತಿರುಗಿಸುವಾಗ ಗಾಳಿ ಬೆರಳನ್ನು ದೂಡಿದರೆ ಅದು ಕಂಪ್ರೆಷನ್ ಸುತ್ತು. ರೋಟರ್ ಎತ್ತ ನೋಡುತ್ತಿದೆ ಎಂಬುದನ್ನು ಡಿಸ್ಟ್ರಿಬ್ಯೂಟರಿನ ಮೈಮೇಲೂ, ಮೈ ಎಲ್ಲಿದೆ ಎಂಬುದನ್ನು ಬ್ಲಾಕಿನ ಮೇಲೂ ಗೆರೆ ಎಳೆದು ಗುರುತಿಸಿ, ಒಂದು ಫೋಟೊ ತೆಗೆದಿಡಿ. ಗೇರಿನ ಹಲ್ಲು ಓರೆಯಾಗಿರುವುದರಿಂದ ಇಳಿಸುವಾಗ ರೋಟರ್ ಸ್ವಲ್ಪ ತಿರುಗಿಯೇ ಕೂರುತ್ತದೆ, ಅಷ್ಟನ್ನು ಹಿಂದಕ್ಕೆ ತಿರುಗಿಸಿಟ್ಟು ಇಳಿಸಬೇಕು. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಹೋಗುವ ಕ್ರಮ) 1-5-3-6-2-4, ರೋಟರ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ.

ದ್ರಾಕ್ಷಿತೋಟ

ಒಂದು ತೊಡಕಿನಲ್ಲಿ ಸಿಕ್ಕಿಕೊಂಡಿದ್ದೇನೆ. ಹೊಸ ಡಿಸ್ಟ್ರಿಬ್ಯೂಟರ್ ಮುಕ್ಕಾಲು ಅಂಗುಲ ಮೇಲೆಯೇ ನಿಂತಿದೆ, ಪೂರ್ತಿ ಕೂರುತ್ತಿಲ್ಲ. ಕ್ಲಾಂಪ್ ಬಿಗಿದು ಎಳೆದರೆ ಕೂತೀತೇ?

ಹುಬ್ಬಳ್ಳಿ ಗ್ಯಾರೇಜ್

ಖಂಡಿತ ಬಿಗಿಯಬೇಡಿ, ಮೈ ಒಡೆಯುತ್ತದೆ. ಅದರ ತಳದಲ್ಲಿ ಆಯಿಲ್ ಪಂಪನ್ನು ತಿರುಗಿಸುವ ಆರು ಮೂಲೆಯ ಸರಳಿದೆ, ಅದರ ಮೂಲೆಗಳು ಹೊಂದಿಲ್ಲ ಅಷ್ಟೆ. ಡಿಸ್ಟ್ರಿಬ್ಯೂಟರನ್ನು ಹಗುರವಾಗಿ ಕೆಳಕ್ಕೆ ಅದುಮಿ ಹಿಡಿದು, ಪುಲ್ಲಿಯ ಬೋಲ್ಟಿನಿಂದ ಎಂಜಿನ್ನನ್ನು ನಿಧಾನವಾಗಿ ಎರಡು ಸುತ್ತು ತಿರುಗಿಸಿ. ಮೂಲೆ ಸೇರಿದೊಡನೆ ತಾನೇ ಕುಸಿದು ಕೂರುತ್ತದೆ. ಎರಡು ಸುತ್ತಿಗೆ ಒಂದನೆಯ ಸಿಲಿಂಡರ್ ಮತ್ತೆ ಮೇಲ್ತುದಿಗೇ ಬರುವುದರಿಂದ ನಿಮ್ಮ ಗುರುತೂ ತಪ್ಪುವುದಿಲ್ಲ.

ದ್ರಾಕ್ಷಿತೋಟ

ಒಂದೂವರೆ ಸುತ್ತಿಗೆ ಟಕ್ ಎಂದು ಕೂತಿತು. ಹಳೆಯ ಗೆರೆಗಳಿಗೆ ಹೊಂದಿಸಿ ಸೆಲ್ಫ್ ಹೊಡೆದಾಗ ಎರಡನೆಯ ಪ್ರಯತ್ನಕ್ಕೆ ಎಂಜಿನ್ ಹತ್ತಿಕೊಂಡಿತು. ಬಿಸಿಯಾದ ಮೇಲೆ ಸ್ಪೌಟ್ ಕನೆಕ್ಟರ್ ಕಿತ್ತು ಟೈಮಿಂಗ್ ಲೈಟ್ ಹಿಡಿದರೆ ಕಿಡಿ ಮೇಲ್ತುದಿಗಿಂತ 14 ಡಿಗ್ರಿ ಮೊದಲೇ ಹಾರುತ್ತಿತ್ತು. ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿರುವಂತೆ 10 ಡಿಗ್ರಿಗೆ ತಂದು, ಕನೆಕ್ಟರ್ ಮರಳಿ ಸಿಕ್ಕಿಸಿದೆ. ಕ್ಯಾಲಿಫೋರ್ನಿಯಾದಲ್ಲಿ 1976 ಮತ್ತು ಆ ನಂತರದ ಹೆಚ್ಚಿನ ಪೆಟ್ರೋಲ್ ಗಾಡಿಗಳಿಗೆ ಎರಡು ವರ್ಷಕ್ಕೊಮ್ಮೆ ಹೊಗೆ ತಪಾಸಣೆ ಆಗಬೇಕು, ಇಷ್ಟು ಹಳೆಯ ಗಾಡಿಯಾದರೆ ಟೈಮಿಂಗನ್ನೂ ನೋಡುತ್ತಾರೆ. ನನ್ನದು ಮುಂದಿನ ತಿಂಗಳಿದೆ.

ನಿನ್ನೆ ಮಧ್ಯಾಹ್ನ ಒಬ್ಬನೇ ವೈಸೇಲಿಯಾವರೆಗೆ, ಸುಮಾರು 70 ಕಿಲೋಮೀಟರ್, ಹೋಗಿಬಂದೆ. ಅಲ್ಲಿ ಬೇಕೆಂದೇ ಎಂಜಿನ್ ಆರಿಸಿ ಬಾನೆಟ್ ಮುಚ್ಚಿಟ್ಟು ಹತ್ತು ನಿಮಿಷ ಬಿಸಿಲಿನಲ್ಲಿ ಬಿಟ್ಟೆ. ಫ್ಯಾನ್ ನಿಂತು, ನೀರು ಹರಿಯುವುದು ನಿಂತು, ಎಂಜಿನ್ನಿನ ಬಿಸಿಯೆಲ್ಲ ಮೇಲೇಳುವ ಹೊತ್ತು ಅದು. ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯಿತು.

ಘಾಟಿಯ ಜೀಪು

ಸಂತೋಷವಾಯಿತು ತಮ್ಮಾ. ಮಗುವನ್ನು ಕೂರಿಸಿಕೊಂಡು ಹೋಗುವ ಮೊದಲು ಡಿಸ್ಟ್ರಿಬ್ಯೂಟರಿನ ಕ್ಲಾಂಪ್ ಬೋಲ್ಟನ್ನು ಇನ್ನೊಮ್ಮೆ ನೋಡು. ಹೊಸದಾಗಿ ಕೂರಿಸಿದ್ದು ಎರಡು ಮೂರು ಸಲ ಕಾದು ಆರಿದ ಮೇಲೆ ಸಡಿಲವಾಗುವುದುಂಟು, ಸಡಿಲವಾದರೆ ಟೈಮಿಂಗ್ ಜರುಗುತ್ತದೆ.

ದ್ರಾಕ್ಷಿತೋಟ

ನೋಡಿದೆ, ಹಿರಿಯರೇ. ಕಾಲು ಸುತ್ತಿನಷ್ಟು ಬಿಗಿಯಿತು. ಮತ್ತೆ ಲೈಟ್ ಹಿಡಿದೆ, 10 ಡಿಗ್ರಿಯಲ್ಲೇ ಇದೆ. ನಾಳೆ ಮಗಳನ್ನು ಈಜು ತರಗತಿಗೆ ಇದರಲ್ಲೇ ಕರೆದೊಯ್ಯುತ್ತೇನೆ.